ಮೂವತ್ತೊಂದು ಗ್ರಾಂ

2016ನೆಯ ಇಸವಿಯ ನವೆಂಬರ್ 17, ಗುರುವಾರ. ಶರತ್ಕಾಲ ಮುಗಿದು ಚಳಿಗಾಲ ಇನ್ನೂ ನೆಲೆಗೊಳ್ಳದ ದಿನಗಳು. ಬೆಳಗಿನಿಂದ ಹಿಮವೂ ಅಲ್ಲದ, ಮಳೆಯೂ ಅಲ್ಲದ ತಣ್ಣನೆಯ ಕೆಸರೊಂದು ಆಕಾಶದಿಂದ ಬೀಳುತ್ತಿತ್ತು. ಲಿಂಕೋಪಿಂಗಿನಲ್ಲಿ ಮಧ್ಯಾಹ್ನ ಮೂರೂವರೆಗೇ ಬೀದಿದೀಪಗಳು ಹೊತ್ತಿಕೊಂಡಿದ್ದವು. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ಗಂಟೆ ಒತ್ತಿದವರು ಮೂರನೆಯ ಮಹಡಿಯ ಫೆಹ್ಮಿದಾ. ನನ್ನ ಮಗಳು ಪದ್ಮಿನಿ ಬಾಗಿಲು ತೆರೆದಳು. ಫೆಹ್ಮಿದಾ ಒಳಗೆ ಕೂರಲಿಲ್ಲ. ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದು, ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ, ನನ್ನ ಕೈಗೆ ಕೊಟ್ಟರು.

ಅವರ ವೃತ್ತಾಂತವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಫೆಹ್ಮಿದಾ ಹುಬ್ಬಳ್ಳಿಯವರು. ತಂದೆ ಕೌಲಪೇಟೆಯಲ್ಲಿ ತಕ್ಕಡಿ ದುರಸ್ತಿ ಮಾಡುತ್ತಿದ್ದರು. ಮಗಳು 2005ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ, ಪೀಣ್ಯದ ಒಂದು ಬ್ಯಾಟರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಆರು ವರ್ಷ ದುಡಿದರು. 2013ರ ಸೆಪ್ಟೆಂಬರ್ 2ರಂದು ಪತಿ ಇನಾಯತ್ ಅವರ ನೌಕರಿಯ ಬೆನ್ನಿಗೆ ಇಲ್ಲಿಗೆ ಬಂದರು. ಸ್ವೀಡಿಷ್ ಕಲಿತರು. ಮೂವತ್ತೊಂದು ಕಡೆ ಅರ್ಜಿ ಹಾಕಿದರು. ಈ ದೇಶದಲ್ಲಿ ಪ್ರಮಾಣಪತ್ರಕ್ಕಿಂತ ದೊಡ್ಡದೊಂದು ಪದ್ಧತಿಯಿದೆ: ಅರ್ಜಿದಾರರನ್ನು ಬಲ್ಲ ಇಬ್ಬರಿಗೆ ಫೋನು ಮಾಡಿ ವಿಚಾರಿಸುವುದು. ಆ ಇಬ್ಬರನ್ನೂ ‘ರೆಫರೆನ್ಸ್’ ಎನ್ನುತ್ತಾರೆ. ಅವರು ಇಲ್ಲಿಯವರೇ ಆಗಿರಬೇಕು, ಒಬ್ಬರಾದರೂ ಕೆಲಸ ಕೊಟ್ಟವರಾಗಿರಬೇಕು. ಪೀಣ್ಯದ ಆರು ವರ್ಷ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ 2015ರ ಮಾರ್ಚ್ 9ರಂದು ಫೆಹ್ಮಿದಾ, ಇ-ಸಿಗರೇಟು ಮತ್ತು ಅದರ ಸಾಮಾನು ಮಾರುವ, ಜೊತೆಗೆ ಊರವರ ಪಾರ್ಸೆಲ್ಲುಗಳನ್ನೂ ವಿಲೇವಾರಿ ಮಾಡುವ ಒಂದು ಪುಟ್ಟ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತರು. ಸಂಬಳಕ್ಕಿಂತ ಹೆಚ್ಚಾಗಿ ಮಾಲೀಕ ರೋಲಂದನ ಒಂದು ಒಳ್ಳೆಯ ಮಾತಿಗಾಗಿ.

ಆ ಮಾತಿನ ಸಮಯ ಈಗ ಬಂದಿತ್ತು. ಊರಿನ ಬ್ಯಾಟರಿ ಪರೀಕ್ಷಾಲಯವೊಂದು ನವೆಂಬರ್ 11ರಂದು ಅವರನ್ನು ಸಂದರ್ಶಿಸಿ, ರೋಲಂದನಿಗೆ ‘ವಾರ ನಲವತ್ತೇಳರಲ್ಲಿ’ ಫೋನು ಮಾಡುವುದಾಗಿ ತಿಳಿಸಿತ್ತು. ತಾರೀಖಿಗೆ ಬದಲು ವಾರದ ಸಂಖ್ಯೆ ಹೇಳುವ ಈ ದೇಶದ ಚಾಳಿ ನನಗೆ ಇಂದಿಗೂ ಒಗ್ಗಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದೆ: ನವೆಂಬರ್ 21ರಿಂದ 27.

ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಹಳೆಯ ಸೆಲ್, 46 ಗ್ರಾಂ. ಹೊಸ ಸೆಲ್, 31 ಗ್ರಾಂ.

ಅಂದು ಬೆಳಿಗ್ಗೆ ಅಂಗಡಿಗೆ, ಇ-ಸಿಗರೇಟಿಗೆ ಹಾಕುವ ಅರವತ್ತು ಬ್ಯಾಟರಿ ಸೆಲ್‌ಗಳ ಹೊಸ ಪೆಟ್ಟಿಗೆಯೊಂದು ಬಂದಿತ್ತು. ನೇರಳೆ ಬಣ್ಣದ ಹೊದಿಕೆ, ಅದರ ಮೇಲೆ ದಪ್ಪ ಅಂಕೆಗಳಲ್ಲಿ 9900. ಅದು ಸೆಲ್ ಎಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆಂಬುದರ ಅಳತೆ. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ ಅತ್ಯುತ್ತಮ ಕಂಪನಿಯೂ ಅಂದು ಮೂರೂವರೆ ಸಾವಿರಕ್ಕಿಂತ ಹೆಚ್ಚು ತುಂಬಲಾರದು. ಫೆಹ್ಮಿದಾ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡರು. ಹಗುರವೆನಿಸಿತು. ‘ಅಂಗೈ ಸುಳ್ಳು ಹೇಳೂದಿಲ್ಲ, ಆದ್ರೂ ತಕ್ಕಡೀನ ಒಂದ್ ಮಾತ ಕೇಳು’ ಎಂದು ತಂದೆ ಹೇಳುತ್ತಿದ್ದರಂತೆ. ಅದನ್ನೂ, ಅಂಗಡಿಯಲ್ಲಿ ಮೊದಲಿನಿಂದ ಮಾರುತ್ತಿದ್ದ ಸೆಲ್ಲೊಂದನ್ನೂ ಪತ್ರ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟು ನೋಡಿದರು.

“ಸರ್, ಒಳಗ ಸಣ್ಣ ಸೆಲ್ ಇಟ್ಟು, ಉಳಿದ ಜಾಗಾಕ್ಕ ಏನೋ ಪುಡಿ ತುಂಬ್ಯಾರ ಅಂತ ನನ್ನ ಅಂದಾಜು. ಈ ಸಿಗರೇಟ್ ಯಂತ್ರ ಒಮ್ಮೆಗೇ ಇಪ್ಪತ್ತು ಆಂಪಿಯರ್ ಎಳೀತದ. ಇದು ತಡೀತದೇನ್ರಿ?” ಎಂದು ನನ್ನನ್ನು ಕೇಳಿದರು.

“ತಡೆಯದು. ಕಾದು ಅನಿಲ ಉಗುಳುತ್ತದೆ. ಮುಚ್ಚಿದ ಲೋಹದ ಕೊಳವೆಯೊಳಗಾದರೆ ಸಿಡಿಯುತ್ತದೆ.”

“ಅದೂ ಮುಖದ ಹತ್ರ ಹಿಡ್ಕೊಂಡಾಗ.”

“ಹೌದು. ನಿಮ್ಮ ಅಂದಾಜು ಸರಿಯಾಗಿದೆ.”

ಅವರು ಚೀಟಿಯನ್ನು ವಾಪಸು ತೆಗೆದುಕೊಂಡರು. “ತಪ್ಪಿದ್ರ ಚೊಲೋ ಇತ್ತು ಸರ್.”

ರೋಲಂದನಿಗೆ ಆಗಲೇ ಹೇಳಿದ್ದರು. ಅವನು ಸಿಡುಕಲಿಲ್ಲ, ಇಲ್ಲಿಯವರು ಸಿಡುಕುವುದಿಲ್ಲ. “ನಿನ್ನ ಕೆಲಸ ಮಾರುವುದು, ತೂಗುವುದಲ್ಲ. ಮುಂದಿನ ವಾರ ನಿನ್ನ ಬಗ್ಗೆ ಫೋನು ಬರುತ್ತದೆ ಅಲ್ಲವೇ?” ಎಂದು ಮೃದುವಾಗಿ ಕೇಳಿ ಕಾಫಿ ಹಾಕಿಕೊಂಡನಂತೆ.

“ನೀವು ಪರೀಕ್ಷಾಲಯಕ್ಕೇ ಈ ವಿಷಯ ಬರೆದುಬಿಡಿ” ಎಂದಳು ಪದ್ಮಿನಿ.

“ಬರೆದ್ರ, ಮಾಲೀಕನ ಮ್ಯಾಲೆ ಚಾಡಿ ಹೇಳೋ ಹೆಣ್ಮಗಳು ಅಂತಾರ. ಸುಮ್ನಿದ್ರ, ಯಾರದೋ ಹಲ್ಲು ಹೋಗ್ತಾವ. ಎರಡೂ ಕಡೆ ಬಾಗಿಲಾ ಹಾಕ್ಯಾರ, ಪದ್ಮಿನಿ ಅವ್ರ.”

ಶುಕ್ರವಾರ ಪೆಟ್ಟಿಗೆಯನ್ನು ಕೌಂಟರಿನ ಕೆಳಗೆ ಕಾಲಿನಿಂದ ಸರಿಸಿಟ್ಟು ದಿನ ಕಳೆದರು. ಸಂಜೆ ರೋಲಂದ್ ಅದನ್ನು ಎತ್ತಿ ಎದುರಿನ ಕಪಾಟಿನಲ್ಲಿ ಜೋಡಿಸಿದ.

ನವೆಂಬರ್ 19, ಶನಿವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಪಾರ್ಸೆಲ್ ತರಲು ಆ ಅಂಗಡಿಗೆ ಹೋದೆ. ರೋಲಂದ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ. ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಅವನು ಅಲ್ಲಿ ಕುಳಿತರೆ ಅವನ ಮೊಣಕಾಲನ್ನು ದಾಟದೆ ಯಾರೂ ಹೊರಗೆ ಹೋಗಲಾರರು. ನನ್ನ ಹಿಂದೆಯೇ ಅಫ್ತಾಬ್ ಬಂದರು. ಇನಾಯತರ ಗೆಳೆಯ, ಬೆಂಗಳೂರಿನ ಶಿವಾಜಿನಗರದವರು, ಇಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಸಿಗರೇಟು ಬಿಡಲು ಎರಡು ತಿಂಗಳಿಂದ ಇ-ಸಿಗರೇಟು ಹಿಡಿದಿದ್ದರು. ನನ್ನನ್ನು ಕಂಡು ತಮ್ಮ ದಖನಿ ಉರ್ದು ಬಿಟ್ಟು ಕನ್ನಡಕ್ಕೆ ಹೊರಳಿದರು.

“ನಮಸ್ಕಾರ ಸರ್! ನೀವೂ ಶುರು ಮಾಡ್ಬಿಟ್ರಾ?”

“ಪಾರ್ಸೆಲ್” ಎಂದೆ.

“ಎಲ್ರೂ ಹಂಗೇ ಹೇಳೋದು. ಭಾಭಿ, ಎರಡು ಸೆಲ್ ಕೊಡಿ. ಆಹಾ, ಒಂಬತ್ತು ಸಾವಿರದ ಒಂಬೈನೂರು! ನನ್ ಹಳೇದು ಎರಡೂವರೆ ಸಾವಿರ ಅಷ್ಟೇ. ಇದು ಹಾಕಿದ್ರೆ ನಾಲ್ಕು ದಿನ ಚಾರ್ಜ್ ಮಾಡೋ ಹಂಗೇ ಇಲ್ಲ.”

ಜೇಬಿನಿಂದ ಬೀಗದ ಕೈಗಳ ಜೊತೆ ಹಳೆಯ ಸೆಲ್ಲನ್ನೂ ತೆಗೆದು ಕೌಂಟರಿನ ಮೇಲೆ ಸುರಿದರು. ಫೆಹ್ಮಿದಾ ಸೆಲ್ಲನ್ನು ತಟ್ಟನೆ ಬೇರೆ ಸರಿಸಿದರು. ಆಮೇಲೆ ಮುಖದ ತುಂಬ ನಗು ತಂದುಕೊಂಡು, ಸೊಪ್ಪಿನ ವಿಷಯ ಮಾತನಾಡುವವರ ಧಾಟಿಯಲ್ಲಿ ಹೇಳಿದರು:

“ಅಫ್ತಾಬ್ ಭಾಯ್, ನಗತಾ ಕೇಳ್ರಿ, ಮಾಲೀಕ ನೋಡ್ಲಿಕ್ಕತ್ತಾನ. ನೇರಳೆ ಸೆಲ್ ಬ್ಯಾಡ. ಮೂವತ್ತೊಂದ ಗ್ರಾಂ ಅದ, ನಲವತ್ತಾರಿರಬೇಕು. ಅಂಕಿ ಸುಳ್ಳು, ಸಿಡೀತದ. ಹಳೇ ಥರದ್ದ ತಗೋರಿ. ಕೀಲಿಕೈ ಜೊತಿ ಜೇಬಿನಾಗ ಇಡಬ್ಯಾಡ್ರಿ, ಲೋಹ ತಾಗಿದ್ರ ಬೆಂಕಿ. ಪ್ಲಾಸ್ಟಿಕ್ ಡಬ್ಬಿ ಕೊಡ್ತೀನಿ.”

ಎರಡು ದಿನದ ಬಂಧನದಲ್ಲಿ ಅವರಿಗೆ ಸಿಕ್ಕಿದ್ದ ಒಂದೇ ಕಿಂಡಿ ಅದು: ರೋಲಂದನಿಗೆ ತಿಳಿಯದ ಭಾಷೆ. ಅಷ್ಟಕ್ಕೆ ಎಲ್ಲವೂ ಮುಗಿಯಬೇಕಿತ್ತು. ಆದರೆ ಅಫ್ತಾಬರು ಸಂತೆಯ ಬೀದಿಯಲ್ಲಿ ಬೆಳೆದವರು. ಸರಕಿನಲ್ಲಿ ಕುಂದು ಕಂಡರೆ ಅದನ್ನು ಬಿಟ್ಟುಬರುವುದಲ್ಲ, ಅದನ್ನೇ ಹಿಡಿದು ಬೆಲೆ ಇಳಿಸುವುದು ಅವರ ಕೈಗೆ ಹತ್ತಿದ ವಿದ್ಯೆ. ಒಳ್ಳೆಯ ಸೆಲ್ಲಿಗೇ ಒಂದಿಷ್ಟು ರಿಯಾಯಿತಿ ಗಿಟ್ಟಿಸೋಣವೆಂದು, ಬೇರೇನನ್ನೂ ಯೋಚಿಸದೆ, ಹಿಂದಕ್ಕೆ ತಿರುಗಿ ಸ್ವೀಡಿಷಿನಲ್ಲಿ ಉತ್ಸಾಹದಿಂದ ಕೂಗಿದರು:

“ರೋಲಂದ್! ಈ ನೇರಳೆಯವು ಹಗುರವಂತೆ, ಸಿಡಿಯುತ್ತವಂತೆ, ಇವರೇ ಹೇಳುತ್ತಿದ್ದಾರೆ. ಹಾಗಾದರೆ ಆ ಹಳೆಯವಕ್ಕೆ ಹತ್ತು ಪರ್ಸೆಂಟ್ ಬಿಡು!”

ನಾನು ಪಾರ್ಸೆಲ್ಲಿನ ವಿಳಾಸವನ್ನು ಮೂರು ಸಲ ಓದಿದೆ. ಹೊರಗೆ ಹೋಗುವಂತಿರಲಿಲ್ಲ, ಆ ಮೊಣಕಾಲು ಅಡ್ಡವಿತ್ತು.

ರೋಲಂದ್ ಎದ್ದು ಬಂದ. “ಹಾಗೆ ಹೇಳಿದೆಯಾ, ಫೆಹ್ಮಿದಾ?”

ಇಲ್ಲವೆನ್ನಬಹುದಿತ್ತು. ಅಷ್ಟರಲ್ಲಿ ತಮ್ಮ ತಪ್ಪು ತಿಳಿದ ಅಫ್ತಾಬರೂ ‘ಇಲ್ಲವೆನ್ನಿ’ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದರು. ಫೆಹ್ಮಿದಾ ಪತ್ರ ತೂಗುವ ತಕ್ಕಡಿಯನ್ನು ಮುಂದಕ್ಕೆ ಎಳೆದು, ನೇರಳೆ ಸೆಲ್ಲನ್ನು ಇಟ್ಟರು. 31. ಅದನ್ನು ತೆಗೆದು ಹಳೆಯದನ್ನು ಇಟ್ಟರು. 46.

“ಹೇಳಿದೆ. ಕನ್ನಡದಲ್ಲಿ ಹೇಳಿದ್ದೊಂದು ತಪ್ಪು. ಈಗ ಸ್ವೀಡಿಷಿನಲ್ಲೇ ಹೇಳುತ್ತೇನೆ: ನಾನು ಇದನ್ನು ಮಾರುವುದಿಲ್ಲ.”

ರೋಲಂದ್ ತಕ್ಕಡಿಯನ್ನು ನೋಡಲಿಲ್ಲ. ಅಫ್ತಾಬರಿಗೆ ಎರಡು ಒಳ್ಳೆಯ ಸೆಲ್ ಮತ್ತು ಪ್ಲಾಸ್ಟಿಕ್ ಡಬ್ಬಿಯನ್ನು ಪೂರಾ ಬೆಲೆಗೆ ತಾನೇ ಕೊಟ್ಟ. “ಒಳ್ಳೆಯ ವಾರಾಂತ್ಯವಾಗಲಿ” ಎಂದ.

ಹೊರಗೆ ಕೆಸರಿನಲ್ಲಿ ಅಫ್ತಾಬ್ ನನ್ನ ತೋಳು ಹಿಡಿದುಕೊಂಡರು. “ಸರ್, ಹತ್ತು ಪರ್ಸೆಂಟ್‌ಗೆ ಭಾಭಿ ಕೆಲ್ಸ ಮಾರ್ಬಿಟ್ನಲ್ಲ ನಾನು. ಇನಾಯತ್‌ಗೆ ಏನಂತ ಹೇಳ್ಲಿ?”

“ಇದ್ದದ್ದನ್ನು ಇದ್ದಂತೆ, ಇವತ್ತೇ” ಎಂದೆ.

ಮುಂದೆ ನಡೆದದ್ದು ಇಷ್ಟು. ನವೆಂಬರ್ 23, ಬುಧವಾರ, ಪರೀಕ್ಷಾಲಯದಿಂದ ಫೋನು ಬಂತು. ಫೆಹ್ಮಿದಾ ಕೌಂಟರಿನಲ್ಲೇ ಇದ್ದರು. “ಒಂದು ದಿನವೂ ತಡವಾಗಿ ಬಂದವಳಲ್ಲ, ಆದರೆ ಹೇಳಿದ್ದನ್ನು ಕೇಳುವವಳಲ್ಲ” ಎಂದು ರೋಲಂದ್ ಹೇಳಿದ್ದು ಅವರ ಕಿವಿಗೆ ಬಿತ್ತು. ಏನನ್ನು ಕೇಳಲಿಲ್ಲವೆಂದು ಅತ್ತ ಕಡೆಯವರು ವಿಚಾರಿಸಲಿಲ್ಲ. ನವೆಂಬರ್ 28ರಂದು, ಬೇರೊಬ್ಬರನ್ನು ಆರಿಸಿದ್ದೇವೆಂಬ ಪತ್ರ ಬಂತು. ನೇರಳೆ ಸೆಲ್‌ಗಳನ್ನು ರೋಲಂದ್ ಡಿಸೆಂಬರ್ 2ರಂದು ಕಪಾಟಿನಿಂದ ತೆಗೆದ. ಎಲ್ಲಿಗೆ ಕಳುಹಿಸಿದನೆಂಬುದು ತಿಳಿದಿಲ್ಲ; ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಐವತ್ಮೂರು ಉಳಿದಿದ್ದವು. ರೋಲಂದ್ ಮಾರಿದ ಏಳರ ಸುದ್ದಿ ಯಾರಿಗೂ ಗೊತ್ತಿಲ್ಲ. ಫೆಹ್ಮಿದಾ 2017ರ ಜನವರಿ 31ರವರೆಗೆ ಅಲ್ಲಿದ್ದರು. ಆ ವರ್ಷದ ಆಗಸ್ಟ್ 14ರಿಂದ ಒಂದು ದಗಿಸ್‌ನಲ್ಲಿ, ಎಂದರೆ ಶಿಶುವಿಹಾರದಲ್ಲಿ, ಬದಲಿ ಸಹಾಯಕಿಯಾಗಿದ್ದಾರೆ. ಅಫ್ತಾಬ್ 2018ರ ಮೇ ತಿಂಗಳಲ್ಲಿ ಇ-ಸಿಗರೇಟನ್ನೂ ಬಿಟ್ಟರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಈಗ ಏಲಕ್ಕಿ ಇಟ್ಟುಕೊಳ್ಳುತ್ತಾರೆ. ಇದನ್ನು ಬರೆಯುತ್ತಿರುವ 2019ರ ಅಕ್ಟೋಬರ್ 6ರ ಹೊತ್ತಿಗೆ ಫೆಹ್ಮಿದಾ ಐವತ್ತೆರಡನೆಯ ಅರ್ಜಿ ಕಳುಹಿಸಿದ್ದಾರೆ. ಎರಡನೆಯ ರೆಫರೆನ್ಸ್ ಎಂಬಲ್ಲಿ, ರೋಲಂದನ ಹೆಸರಿದ್ದ ಕಡೆ, ಈಗ ಶಿಶುವಿಹಾರದ ಮುಖ್ಯಸ್ಥೆಯ ಹೆಸರಿದೆ. ಉತ್ತರ ಬಂದಿಲ್ಲ.