ಪಾಲಿ ಅಂದರೆ ಬಹಳ

ಕಾನ್ವೆಂಟಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಸಿಸ್ಟರ್‌ಗೆ ಗ್ರೀಕ್ ಭಾಷೆಯ ಮೇಲೆ ಹೆಚ್ಚುಕಡಿಮೆ ದೇವರ ಮೇಲಿದ್ದಷ್ಟೇ ಭಕ್ತಿ. ‘ಪಾಲಿ ಅಂದರೆ ಬಹಳ’ ಎಂದು ಅವರು ಕಲಿಸಿದ ಮೇಲೆ ಆ ತಲೆ ಹೊತ್ತ ಯಾವ ಪದ ಎದುರಾದರೂ ನಾನು ಹೆದರಿದವಳಲ್ಲ. ಬಾಲ ಗೊತ್ತಾದರೆ ಸಾಕಿತ್ತು. ಆದರೆ ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದಮೇಲೆ ಈ ವಿದ್ಯೆಯನ್ನು ಯಾರ ಮುಂದೆ ಬಿಚ್ಚುವುದು? ಸಕ್ಕರೆ ಕಾಯಿಲೆಯ ಮಾವನವರ ಚೀಟಿಯಲ್ಲಿ ಒಮ್ಮೆ ‘ಪಾಲಿಯೂರಿಯಾ’ ಎಂದಿತ್ತು. ಬಹಳ ಮೂತ್ರ ಎಂದು ಸೊಸೆಯಾದವಳು ಮಾವನಿಗೆ ಬಿಡಿಸಿ ಹೇಳುವಂತಿಲ್ಲ. ಪದವನ್ನಷ್ಟೇ ಗಟ್ಟಿಯಾಗಿ ಓದಿದೆ. ಅವರು ಯೋಚನೆ ಮಾಡಿ, “ಯೂರಿಯಾ ಹೊಲಕ್ಕ ಹಾಕಿದ್ದು ಖರೆ. ನಾ ಏನ್ ತಿಂದಿಲ್ಲಲ್ಲವಾ” ಎಂದರು.

ಕಳೆದ ವರ್ಷ ನನ್ನ ನಾದಿನಿಗೆ ಹೂವಿನಹಡಗಲಿಯಿಂದ ಸಂಬಂಧ ಬಂತು. ಹುಡುಗನ ಮನೆಯವರದು ಮಲ್ಲಿಗೆ ತೋಟ. ನೋಡಲು ಬಂದ ದಿನ ಹುಡುಗ ಬಾಯಿ ಬಿಡಲಿಲ್ಲ. ಆದರೆ ಎಲ್ಲರೂ ಕುಡಿದಿಟ್ಟ ಚಹಾ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಅಡುಗೆಮನೆ ಬಾಗಿಲಿಗೆ ತಾನೇ ತಂದಿಟ್ಟ. ಅವರು ಹೋದ ಮೇಲೆ ನಾದಿನಿ ಆ ಲೋಟಗಳನ್ನು ತೊಳೆಯುತ್ತ, “ಅತ್ತಿಗಿ, ಈ ಸಂಬಂಧ ಮಾತ್ರ ತಪ್ಪಬಾರ್ದು ನೋಡ್ರಿ” ಎಂದಳು.

ಅದೇ ಹೊತ್ತಿಗೆ ಅವಳ ಮುಟ್ಟು ಏರುಪೇರಾಗಿ ಸ್ಕ್ಯಾನಿಂಗ್ ಮಾಡಿಸಿದೆವು. ಪಾಲಿಸಿಸ್ಟಿಕ್ ಎಂದು ಬಂತು. ಮಾತ್ರೆ ತಗೊಳ್ಳಲಿ, ದಿನಾ ನಡೆಯಲಿ ಎಂದರು ಡಾಕ್ಟರಮ್ಮ. ನಮ್ಮ ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕೊಟ್ಟೂರಿನ ತಂಗಿಗೆ ಫೋನು ಹಚ್ಚಿ, “ನಮ್ಮ ಹುಡುಗಿಗೆ ಪಾಲಿ ಅಂತೇನೋ ಅಂದ್ರಲೇ ಡಾಕ್ಟ್ರು” ಎಂದರು. ತಂಗಿ ಆಗ ಸಂತೆಯ ಗದ್ದಲದಲ್ಲಿದ್ದರು. ಅವರ ಕಿವಿಗೆ ಬಿದ್ದದ್ದು ‘ಪೋಲಿ’. ಕೊಟ್ಟೂರಿನಿಂದ ಹಡಗಲಿಗೆ ಬಸ್ಸು ತಡವಾಗಬಹುದು, ಮಾತು ತಡವಾಗುವುದಿಲ್ಲ.

ಭಾನುವಾರ ಹುಡುಗನ ತಾಯಿ ಒಬ್ಬರೇ ಬಂದರು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ನೀರು ಕುಡಿದು, ಮೆಲ್ಲಗೆ ಕೇಳಿದರು: “ಹುಡುಗಿ ಪೋಲಿ ಅಂತ ಡಾಕ್ಟ್ರೇ ಹೇಳ್ಯಾರಂತ, ಹೌದೇನ್ರಿ?”

“ಪೋಲಿ ಅಂತ ಚೀಟಿ ಬರಕೊಡೋ ಡಾಕ್ಟ್ರು ಯಾವ ಊರಾಗ ಅದಾರ್ರಿ?” ಎಂದರು ಅತ್ತೆ.

“ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ ಬಾಯಿ ಇಲ್ಲದಾಂವ. ಮನ್ಯಾಗ ಒಬ್ರಾದ್ರೂ ಚೂರು ಪೋಲಿ ಇದ್ರ ಚಲೋನ ಅಂತ ನಮ್ಮವ್ರು ಅಂದ್ರು.”

ಅತ್ತೆಯ ಮುಖ ಅರಳಿತು. ಅಲ್ಲಿಗೆ ಲಗ್ನ ಗಟ್ಟಿಯಾದಂತೆಯೇ. ಅಷ್ಟರಲ್ಲಿ ನಾದಿನಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು.

“ಪೋಲಿ ಅಲ್ರಿ, ಪಾಲಿಸಿಸ್ಟಿಕ್. ಅತ್ತಿಗಿ, ಅರ್ಥ ಹೇಳ್ರಿ.”

ಸಿಸ್ಟರ್ ಎದುರು ನಿಂತ ಹಾಗೆ ನಾನು ಒಪ್ಪಿಸಿದೆ. “ಪಾಲಿ ಅಂದ್ರ ಬಹಳ.”

“ಏನ್ ಬಹಳ?” ಎಂದರು ಹುಡುಗನ ತಾಯಿ.

ನಾನು ಅತ್ತೆಯನ್ನು ನೋಡಿದೆ. ಅತ್ತೆ ಫ್ಯಾನು ನೋಡುತ್ತಿದ್ದರು. “ಗುಳ್ಳೆ ರೀ. ಅಂಡಾಶಯದಾಗ, ಸಣ್ಣಸಣ್ಣವು.”

ಆ ತಾಯಿಯ ಕೈ ಬಾಳೆಲೆಯ ಗಂಟಿನ ಮೇಲೆ ನಿಂತುಬಿಟ್ಟಿತು. “ಮಕ್ಕಳಾಗಾಕ ತೊಂದ್ರಿ ಏನ್ರಿ?”

ಪೋಲಿತನಕ್ಕೆ ಒಪ್ಪಿಗೆ ಇತ್ತು, ಗ್ರೀಕಿಗೆ ಇರಲಿಲ್ಲ.

“ಕೆಲವ್ರಿಗೆ ತಡ ಆಗತೈತಂತ” ಎಂದಳು ನಾದಿನಿ. ತಟ್ಟೆ ಕೆಳಗಿಟ್ಟು ಒಂದು ಲೋಟವನ್ನು ಅವರ ಮುಂದೆ ಸರಿಸಿದಳು. “ಹೆಚ್ಚಿನವ್ರಿಗೆ ಆಗತಾವು ಅಂತಾನೂ ಹೇಳ್ಯಾರ. ಮುಚ್ಚಿಟ್ಟು ಬರಾಕ ನನಗ ಮನಸ್ಸಿಲ್ರಿ. ನಿಮ್ಮ ಮಗನಿಗೆ ಇದ್ದದ್ದು ಇದ್ದಂಗ ಹೇಳ್ರಿ.”

ಅವರು ಅರ್ಧ ಚಹಾ ಬಿಟ್ಟು ಎದ್ದರು. ಮಲ್ಲಿಗೆಯನ್ನು ಮಾತ್ರ ಕೊಟ್ಟೇ ಹೋದರು.

“ಪೋಲಿ ಅಂತಾನ ಬಿಟ್ಟಿದ್ರ ನಿಮ್ಮ ಗಂಟೇನು ಹೋಗತಿತ್ತು?” ಎಂದು ಅತ್ತೆ ಇಬ್ಬರನ್ನೂ ಬೈದರು. ಆ ವಾರವಿಡೀ ಹಡಗಲಿಯಿಂದ ಫೋನಿಲ್ಲ. ನಾದಿನಿ ಮಾತ್ರೆ ನುಂಗುತ್ತಿದ್ದಳು, ಬೆಳಿಗ್ಗೆ ನಡೆದು ಬರುತ್ತಿದ್ದಳು, ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಹುಡುಗ ಗೇಟಿನ ಹೊರಗೆ ನಿಂತಿದ್ದ. ಕಾಲಲ್ಲಿ ಬಿಳೀ ಹೊಸ ಬೂಟು, ಹಿಮ್ಮಡಿಗೆ ಅಂಗಡಿಯ ಸ್ಟಿಕ್ಕರ್ ಅಂಟಿಕೊಂಡೇ ಇತ್ತು.

“ಅವ್ವ ಎಲ್ಲಾ ಹೇಳಿದ್ಲು” ಎಂದ, ಬೂಟು ನೋಡಿಕೊಂಡು. “ನಡೀಬೇಕು ಅಂದಾರಂತಲ್ರಿ. ಎಲ್ಲೀ ತನಕ ಹೋಗತಾರ?”

ನಾದಿನಿಯ ಉತ್ತರ ಒಳಗಿನಿಂದ ಬಂತು. “ಪೆಟ್ರೋಲ್ ಬಂಕ್ ತನಕ.”

ಲಗ್ನಕ್ಕೆ ಮುಂಚೆ ಜೋಡಿಯಾಗಿ ರಸ್ತೆಗಿಳಿಯುವುದೇ ಎಂದು ಅತ್ತೆ ನನ್ನನ್ನು ಅವರ ಹಿಂದೆ ಅಟ್ಟಿದರು. ಹವಾಯಿ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ ನಾನೂ ನಡೆದೆ. ಬಂಕು ಬಂತು. ವಾಪಸ್ಸು ತಿರುಗುವಾಗ ಅವನೇ ಬಾಯಿ ತೆರೆದ.

“ನಾಳಿ ಎಷ್ಟೊತ್ತಿಗೆ ಹೊರಡತೀರಿ?”

“ಆರಕ್ಕ” ಎಂದಳು ನಾದಿನಿ. “ಹಡಗಲಿ ಬಸ್ಸು ಬರಲಿಲ್ಲಂತ ನಾ ಕಾಯಂಗಿಲ್ಲ.”

“ಗಾಡಿ ಮ್ಯಾಲ ಬರ್ತೀನ್ರಿ” ಎಂದ ಅವನು.