ಬೆಲ್ಲದ ಜೊತೆ ಅರ್ಧ ಚೊಂಬು ನೀರು

ಮೊನ್ನೆ ಶಿಕಾರಿಪುರದ ನಮ್ಮ ಕಚೇರಿಗೆ ರೈತರೊಬ್ಬರು ಹೊಸ ಮೆಕ್ಕೆಜೋಳದ ತೆನೆ ತಂದು ಮೇಜಿನ ಮೇಲಿಟ್ಟರು. ಸಿಪ್ಪೆ ಸುಲಿದಾಗಿನ ಆ ಹಸಿ ವಾಸನೆಗೆ ನಮ್ಮ ಮೇಡಂ ಎದುರಿಗೇ ಬಂದು ಕೂತಂತಾಯಿತು...

ನನಗೆ ಸಮೀಕ್ಷೆಯ ಕೆಲಸ ಕಲಿಸಿದವರು ಅವರು. ಯಾವ ಭಾಗದಲ್ಲಿ ಎಷ್ಟು ಮನೆಯವರನ್ನು ಕೇಳಬೇಕೆಂದು ಕಂಪ್ಯೂಟರಿಗೆ ಹಾಕುವ ಮೊದಲು, ಒಂದು ಕಾಳಿಗೆ ಇಷ್ಟು ಮನೆ ಎಂದು ಮೇಜಿನ ಮೇಲೆ ಮೆಕ್ಕೆಜೋಳದ ಕಾಳು ಹರವಿಕೊಂಡು ಯೋಚಿಸುತ್ತಿದ್ದರು. ಎಲ್ಲರ ಪಾಡೂ ಒಂದೇ ಥರ ಇರುವ ಕಡೆ ನಾಲ್ಕು ಜನರನ್ನು ಕೇಳಿದರೆ ಸಾಕು, ಮನೆಯಿಂದ ಮನೆಗೆ ಬೇರೆಯಿರುವ ಕಡೆ ಹೆಚ್ಚು ಕೇಳಬೇಕು. ಅಷ್ಟೇ ಅವರ ಶಾಸ್ತ್ರ.

ಆ ವರ್ಷ ಒಂದೇ ಸಮೀಕ್ಷೆಯಲ್ಲಿ ಎರಡು ಸಂಗತಿ ಅಳೆಯಬೇಕಿತ್ತು: ಜೋಳದ ಇಳುವರಿ, ಕುಡಿಯುವ ನೀರು. ಇಳುವರಿ ಹೊಲದಿಂದ ಹೊಲಕ್ಕೆ ಏರುಪೇರಾಗುವುದು ಶಿಕಾರಿಪುರದ ಬಯಲಿನಲ್ಲಿ. ಹಾಗಾಗಿ ಕಾಳೆಲ್ಲ ತಾಳಗುಂದ, ಈಸೂರಿನ ಕಡೆ ಗುಡ್ಡೆಯಾಗಿ, ಸೊರಬದ ಕಾಡಂಚಿಗೆ ಒಂದೇ ಕಾಳು ಉಳಿಯಿತು. ಆ ಕಾಡಂಚಿನಲ್ಲೇ ನನ್ನ ತವರು. ಬೇಸಿಗೆಯಲ್ಲಿ ಅಮ್ಮ ಗುಡ್ಡ ಇಳಿದು ನೀರು ಹೊರುತ್ತಿದ್ದಳು. ನಲ್ಲಿ ಯಾವ ಊರಿಗೆಂದು ತೀರ್ಮಾನವಾಗುವುದು ಈ ಸಮೀಕ್ಷೆ ನೋಡಿಕೊಂಡೇ.

"ಸೊರಬ ಅಂದ್ರೆ ಮಳೆ ಸುರಿಯೋ ಸೀಮೆ. ಅಲ್ಲಿ ನೀರಿಗೇನ್ರೀ ಬರ?" ಎಂದರು ಕಚೇರಿಯ ಹಿರಿಯರೊಬ್ಬರು. ಸ್ವಂತ ಊರಿನ ವಕಾಲತ್ತು ಎಂದಾರೆಂಬ ಅಳುಕಿಗೆ ನಾನು ಆ ಒಂಟಿ ಕಾಳನ್ನೇ ನೋಡುತ್ತ ಕೂತೆ.

ಮೇಡಂ ನನ್ನ ಮುಖ ನೋಡಿದರು. ಮರುದಿನವೇ ನನ್ನನ್ನೂ ಕರೆದುಕೊಂಡು ಆ ಕಡೆ ಹೊರಟರು, ನಮ್ಮ ಮನೆಗೂ ಬಂದರು. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ವಾಡಿಕೆ. ಅಮ್ಮ ದೊಡ್ಡ ಬೆಲ್ಲದ ತುಂಡನ್ನೇ ತಂದಳು, ಚೊಂಬಿನಲ್ಲಿ ನೀರು ಮಾತ್ರ ಅರ್ಧ.

"ತಪ್ಪು ತಿಳ್ಕಬೇಡಿ ಮಾರಾಯ್ರೆ" ಎಂದು ತಲೆ ತಗ್ಗಿಸಿದಳು.

ಮೇಡಂ ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬನ್ನು ಹಾಗೇ ಅವಳ ಕೈಗೆ ಕೊಟ್ಟರು. ಆದರೆ ಒಂದು ಮನೆ ನೋಡಿ ನಂಬುವವರಲ್ಲ ಅವರು. ಆ ಬಿಸಿಲಲ್ಲಿ ಇನ್ನೂ ಹಲವು ಮನೆ ಸುತ್ತಿದರು. ಒಬ್ಬರ ಹಿತ್ತಲಲ್ಲಿ ತುಂಬಿದ ಬಾವಿ, ಪಕ್ಕದವರದರಲ್ಲಿ ಬರೀ ಕೆಸರು.

ಒಟ್ಟು ಕಾಳು ಹೆಚ್ಚಿಸುವಂತಿರಲಿಲ್ಲ. ಕಚೇರಿಗೆ ಮರಳಿ, ಬಯಲಿನ ಗುಡ್ಡೆಯಿಂದ ಒಂದೊಂದಾಗಿ ತೆಗೆದು ಸೊರಬದ ಕಡೆ ಸರಿಸಿದರು. "ಜೋಳದ ಲೆಕ್ಕ ಚೂರು ಒರಟಾದ್ರೂ ತಡ್ಕೋತದ್ರೀ. ನೀರಿಂದು ತಪ್ಪಿದ್ರೆ ಕೊಡ ಹೊರೋರಿಗೆ ಏನ್ ಹೇಳೋಣ?" ಹಿರಿಯರೂ ತಲೆಯಾಡಿಸಿದರು.

ಸಮೀಕ್ಷೆಯಲ್ಲಿ ನಮ್ಮ ಸೀಮೆಯ ಪಾಡು ಕಂಡಿತು, ನಲ್ಲಿ ಬಂತು. ನಾನು ಈ ಜನ್ಮದಲ್ಲಿ ತೀರಿಸಲಾರದ ಉಪಕಾರ ಅದು. ಇನ್ನೊಮ್ಮೆ ಊರಿಗೆ ಕರೆದೊಯ್ಯಬೇಕೆಂದುಕೊಂಡೇ ಇದ್ದೆ, ಅಷ್ಟರಲ್ಲಿ ಮೇಡಂ ತೀರಿಹೋದರು...

ಈಗ ಕಾಳು ಹರವುವ ಕೆಲಸ ನನ್ನದು. ತವರಿಗೆ ಹೋದಾಗ ಅಮ್ಮ ತುಳುಕುವಷ್ಟು ತುಂಬಿಸಿದ ಚೊಂಬನ್ನು ಕೈಗಿಟ್ಟು ಪ್ರತಿಸಲ ಕೇಳುತ್ತಾಳೆ, "ನಿಮ್ ಮೇಡಮ್ನೋರು ಅವತ್ತು ನೀರು ಕುಡೀದೆ ಹೋದ್ರಲ್ಲೇ, ಯಾವಾಗ ಕರ್ಕಂಡ್ ಬರ್ತೀಯ?"

ಅವಳಿಗೆ ನಾನಿನ್ನೂ ಹೇಳಿಲ್ಲ.