ಪೋಸ್ಟ್ ಮಾವ ಕಾಗದ ಓದುತ್ತಿದ್ದ ರೀತಿ

ಅವರ ಬಲಗೈ ಹೆಬ್ಬೆರಳು ಮೊಹರಿನ ಮಸಿಯಿಂದ ಸದಾ ಕಪ್ಪಗಿರುತ್ತಿತ್ತು. ಕ್ಯಾತನಹಳ್ಳಿಯ ನಮ್ಮ ಬೀದಿಯಲ್ಲಿ ಅವರ ಮನೆಯ ಜಗಲಿಯೇ ಅಂಚೆ ಕಚೇರಿ. ಕಾಗದ ಹಂಚುವವರೂ ಅವರೇ, ಓದು ಬರದವರಿಗೆ ಓದಿ ಹೇಳುವವರೂ ಅವರೇ. ನಮಗೆಲ್ಲ ಅವರು ಪೋಸ್ಟ್ ಮಾವ.

ಬಂದ ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ಮಡಿಸಿ ತೊಡೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಆಲೆಮನೆಯ ಬೆಲ್ಲದ ವಾಸನೆ ಬೀದಿಯಲ್ಲೆಲ್ಲ ತೇಲುತ್ತಿದ್ದ ಆ ಮಧ್ಯಾಹ್ನಗಳಲ್ಲಿ ಮಾವ ನಿದ್ದೆಹೋದರೇನೋ ಎನಿಸುತ್ತಿತ್ತು. ಆಮೇಲೆ ಮೆಲ್ಲಗೆ ಕಣ್ಣು ತೆರೆದು, ಬರೆದವರೇ ಎದುರು ಕೂತು ಮಾತಾಡುವ ಹಾಗೆ ಹೇಳುತ್ತಿದ್ದರು.

ನಾನಾಗ ಎಂಟನೇ ಕ್ಲಾಸು. ತೊಂಬತ್ತರ ದಶಕದ ಮೊದಲ ವರ್ಷಗಳು. ಎಲ್ಲೂ ತಡವರಿಸದೆ ಓದುತ್ತೇನೆಂಬ ಜಂಬ ನೆತ್ತಿಗೇರಿತ್ತು. ಒಂದು ದಿನ ಎದುರು ಮನೆ ಅತ್ತೆಗೆ ಮಗಳ ಕಾಗದ ಬಂತು. ಅವಳನ್ನು ನಾಗಮಂಗಲದ ಆಚೆ ದೇವಲಾಪುರದ ಕಡೆ ಕೊಟ್ಟಿದ್ದರು, ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ನಾನು ಮಾವನ ಕೈಯಿಂದ ಕಾಗದ ಕಿತ್ತುಕೊಂಡು ಒಂದೇ ಉಸಿರಿಗೆ ಓದಿದೆ. ಎಲ್ಲರೂ ಕ್ಷೇಮ, ಕರೆಯಲು ಈಗಲೇ ಬರಬೇಡಿ, ಹಬ್ಬ ಕಳೆಯಲಿ. ನಮ್ಮ ಕೆಂದ ಹಸು ಕರು ಹಾಕಿತೇ, ಆಗ ಹತ್ತಿರ ಯಾರಿದ್ದರು? ನಾನು ಓದಿದ ವೇಗಕ್ಕೆ ಕ್ಷೇಮ ಎಂಬುದಷ್ಟೇ ಅತ್ತೆಯ ಕಿವಿಗೆ ಬಿದ್ದಿತ್ತು. ನೆಮ್ಮದಿಯಿಂದ ಎದ್ದರು.

"ಕೂತ್ಕೊ ಅಕ್ಕಯ್ಯ" ಎಂದರು ಮಾವ. ನನ್ನ ಕಡೆ ತಿರುಗಿ, "ಓದ್ದೆ ಸರಿ. ಏನ್ ಕೇಳ್ತಾವ್ಳೆ ಹೇಳವ್ವ" ಎಂದರು. ನಾನು ಕಾಗದವನ್ನು ಮಾವನ ಕೈಗೇ ಕೊಟ್ಟೆ.

"ಕೈಬರ ಅಳಿಯಂದು. ಇವಳು ಹೇಳವ್ಳೆ, ಅವನು ಬರ್ದವ್ನೆ. ಗಂಡನ ಮುಂದೆ ಬಾಯ್ಬುಟ್ಟು ಎಂಗೆ ಹೇಳಾಳು? ಕೆಂದ ಹಸ ಇವಳ ಮದ್ವೆಗೆ ಮಾರುದ್ರಲ್ಲ, ಇನ್ನೆಲ್ಲಿ ಕರ? ಹೆರುವಾಗ ತನ್ನ ಹತ್ರ ಯಾರೂ ಇಲ್ಲ ಅಂತಾವ್ಳೆ. ಈಗ್ಲೇ ಹೊರಡಕ್ಕಯ್ಯ."

ಅತ್ತೆ ಅಂದೇ ನಾಗಮಂಗಲದ ಬಸ್ಸು ಹತ್ತಿ ಹೋಗಿ ಮಗಳನ್ನು ಕರೆತಂದರು. ಆ ವಾರವೇ ಪಾಂಡವಪುರದ ಆಸ್ಪತ್ರೆಯಲ್ಲಿ ಕಷ್ಟದ ಹೆರಿಗೆಯಾಗಿ, ತಾಯಿ ಮಗು ಇಬ್ಬರೂ ಉಳಿದರು. ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಮಾವ ಬೈಯಲಿಲ್ಲ. "ನಾಲ್ಗೆ ಹೊರಳುದ್ರೆ ಸಾಲ್ದು ಕಣವ್ವ. ಬರೆದೋರ ಮಗ್ಗುಲಲ್ಲಿ ಒಂದ್ ಗಳಿಗೆ ಕೂತ್ಕೊಬೇಕು" ಎಂದರು. ಅಂದಿನಿಂದ ಎಂಥ ಪಾಠವನ್ನೂ ನಾನು ಹಾಗೆಯೇ ಓದಿದೆ. ಓದು ಕಲಿಸುವುದೇ ನನ್ನ ಕೆಲಸವಾಯಿತು. ಅದು ಅವರ ಋಣ.

ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ಅಪ್ಪನ ಕಾಗದ ಬಂತು. ಎಲ್ಲರೂ ಕ್ಷೇಮ, ಪರೀಕ್ಷೆ ಮುಗಿಸಿಕೊಂಡೇ ಬಾ, ಇನ್ನು ಮೇಲೆ ನಿನ್ನ ಕಾಗದ ನಮಗೆ ತಡವಾಗಿ ಸೇರಬಹುದು, ಹೊಸಬನಿಗೆ ಮನೆಗಳು ಗೊತ್ತಿಲ್ಲ. ಎರಡನೇ ಸಲ ಓದುವಷ್ಟರಲ್ಲಿ ಕಣ್ಣು ಮಂಜಾಯಿತು. ಮಾವ ತೀರಿಕೊಂಡರೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.